ಬಿಗಿ ಮನೆತನ

ನಮ್ಮಪ್ಪ ಧಾರವಾಡದ ಮನೆಯ ನಲ್ಲಿ ಬಂದ್ ಮಾಡಿದರೆ ಅದನ್ನು ತಿರುಗಿಸಲು ಪಕ್ಕದ ಮನೆಯ ಪೈಲ್ವಾನರನ್ನು ಕರೆಯಬೇಕಾಗುತ್ತಿತ್ತು. ವರ್ಷಕ್ಕೆ ನಾಲ್ಕು ವಾಷರ್ ಹರಿಯುತ್ತಿದ್ದವು. ಬಿಗಿ ಮಾಡುವುದು ನಮ್ಮ ಮನೆತನದ ರೋಗ. ಕುಕ್ಕರ್ ಹಿಡಿಕೆಯ ಸ್ಕ್ರೂ ಇರಲಿ, ಉಪ್ಪಿನಕಾಯಿ ಬಾಟಲಿ ಇರಲಿ, ನಾವು ಸುಮ್ನೆ ಮುಚ್ಚಿ ಬಿಡುವವರಲ್ಲ.

ಇಂಥ ನಾನು ಪುಣೆಯಲ್ಲಿ ಒಂದು ಟ್ರೇಲರ್ ಸಾಕಿದ್ದೇನೆ. ಎರಡು ಚಕ್ರ, ಒಳಗೆ ಎರಡು ಹಾಸಿಗೆ, ಒಂದು ಪುಟ್ಟ ಒಲೆ. ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಬಹುದು. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳು ಇನ್ನೂ ಅದನ್ನು ಐಸ್‌ಕ್ರೀಮ್ ಗಾಡಿ ಅಂತಲೇ ತಿಳಿದಿದ್ದಾರೆ.

ಕೋಥ್ರೂಡಿನ ಮಳೆಯಲ್ಲಿ ಅದು ನಾಲ್ಕು ತಿಂಗಳು ನಿಂತಿತ್ತು. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಚಕ್ರದ ಬೇರಿಂಗ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಬೇಕು. ಗೋವಾಕ್ಕೆ ಹೊರಡುವ ಮೊದಲು ನಾನೇ ಮಾಡ್ತೀನಿ ಎಂದೆ. ಹೆಂಡತಿ ಏನೂ ಅನ್ನಲಿಲ್ಲ. ಅಡುಗೆಮನೆಯ ಒಳ್ಳೆಯ ಪಾತ್ರೆಗಳನ್ನು ಮಾತ್ರ ಒಳಗಿಟ್ಟಳು.

ಚಕ್ರದ ಬ್ರೇಕ್ ಡ್ರಮ್ ಎಳೆದಾಗ, ಗ್ರೀಸ್ ಹೊರಬಾರದಂತೆ ಒಳಗೆ ಕೂತಿದ್ದ ಆಯಿಲ್ ಸೀಲ್ ಹರಿದು ಬಂತು. ಅದು, ನಟ್ಟು ತಿರುಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನು, ಎರಡೂ ಪ್ರತಿ ಸಲ ಹೊಸದೇ ಹಾಕಬೇಕು. ನಾನಾ ಪೇಠೆಯ ಅಂಗಡಿಯವ ಬೇರಿಂಗ್ ನಂಬರ್ ಕೇಳಿದ. ತುಕ್ಕಿನ ಕೆಳಗೆ ಅಡಗಿದ್ದ ಆ ಅಂಕಿಗಳನ್ನು ಹೆಂಡತಿಯ ಕನ್ನಡಕ ಹಾಕಿಕೊಂಡು ಅಂಗಡಿ ಮೆಟ್ಟಿಲ ಮೇಲೆ ಕೂತು ಓದಿದೆ. ಆ ಕನ್ನಡಕದಲ್ಲಿ ಈಗಲೂ ಸ್ವಲ್ಪ ಗ್ರೀಸ್ ಇದೆ.

ಗ್ರೀಸ್ ತುಂಬುವುದು ಮಾತ್ರ ಖುಷಿಯ ಕೆಲಸ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ ಬೇರಿಂಗು, ಅಂಗೈಯಲ್ಲಿ ಲಿಂಬೆಹಣ್ಣಿನಷ್ಟು ಗ್ರೀಸು. ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು. ಆಚೆ ಬದಿಯ ರೋಲರ್ ಸಂದಿಗಳಿಂದ ಗ್ರೀಸು ಶಾವಿಗೆಯ ಹಾಗೆ ಎಳೆ ಎಳೆಯಾಗಿ ಬರುವ ತನಕ. ಮೇಲೆ ಸವರಿದರೆ ಸಾಲದು, ಹೋಳಿಗೆಗೆ ಹೂರಣದ ಹಾಗೆ ಒಳಗೇ ತುಂಬಬೇಕು. ಅದೇ ಕೈಯಲ್ಲಿ ಬ್ರೇಕ್ ಶೂ ಮುಟ್ಟಬಾರದು. ಮುಟ್ಟಿದೆ. ಉಜ್ಜಿ ಉಜ್ಜಿ ಒರೆಸಿದೆ.

ಬ್ರೇಕ್ ಬಗ್ಗೆ ಒಂದು ಮಾತು. ಜೀಪು ನಿಧಾನವಾದಾಗ ಟ್ರೇಲರ್ ಹಿಂದಿನಿಂದ ನುಗ್ಗುತ್ತದೆ. ಆ ನೂಕಿಗೇ ಕೊಂಡಿ ಒಳಸರಿದು, ರಾಡ್ ಎಳೆದು, ಅದರದೇ ಬ್ರೇಕ್ ಹತ್ತುತ್ತದೆ. ಚೆಂದದ ಉಪಾಯ, ಅಲ್ವಾ? ಆದರೆ ರಿವರ್ಸ್ ತೆಗೆದರೂ ಅದೇ ನೂಕು. ಕೊಂಡಿ ಒಳಸರಿಯದಂತೆ ತಡೆಯುವ ಲಾಕ್ ಹಾಕಲು ಮರೆತು ಸೊಸೈಟಿ ಗೇಟಿಗೆ ಅಡ್ಡ ನಿಂತು ಅರ್ಧ ಗಂಟೆ ಹಾರ್ನ್ ಕೇಳಿಸಿಕೊಂಡಿದ್ದೇನೆ.

ಕೊನೆಗೆ ಬೇರಿಂಗನ್ನು ಹಿಡಿದಿಡುವ ನಟ್ಟು. ನಾನು ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಮೂರಡಿ ಪೈಪ್ ಸಿಕ್ಕಿಸಿ ಅಪ್ಪನನ್ನು ನೆನೆದೆ. ಕೈಯಲ್ಲಿ ತಿರುಗಿಸಿದರೆ ಚಕ್ರ ಅರ್ಧ ಸುತ್ತಿಗೇ ನಿಂತಿತು. ಹೊಸ ಗ್ರೀಸ್ ಅಲ್ವಾ, ದಪ್ಪ ಇರುತ್ತದೆ ಅಂದುಕೊಂಡೆ.

ಗೋವಾ ದಾರಿಯಲ್ಲಿ ಶಿರವಳದ ಹತ್ತಿರ ಹೆಂಡತಿ ಮೂಗು ಏರಿಸಿದಳು. "ಏನ್ರೀ, ಸುಟ್ಟ ವಾಸನಿ ಬರ್ಲಿಕತ್ತದ."

"ಮುಂದಿನ ಲಾರೀದು."

"ಮುಂದ ಲಾರೀನ ಇಲ್ಲ."

ಇಳಿದು ಎಡಗಡೆ ಚಕ್ರದ ನಡುವಿನ ಹಬ್ ಮುಟ್ಟಿದೆ. ಮುಟ್ಟಿದ್ದೊಂದೇ ಗೊತ್ತು, ಬೆರಳು ಬಾಯಲ್ಲಿತ್ತು. ಬಲಗಡೆಯದನ್ನು ಮುಟ್ಟುವ ಧೈರ್ಯ ಬರಲಿಲ್ಲ, ನೀರು ಚಿಮುಕಿಸಿದೆ. ದೋಸೆ ಹಂಚಿನ ಹಾಗೆ ಚುಂಯ್ ಎಂದಿತು. ಮುಂದೆ ಖಂಬಾಟ್ಕಿ ಘಾಟು ಬೇರೆ.

ಹೈವೇ ಪಕ್ಕದ ಗ್ಯಾರೇಜಿನ ಹುಡುಗನಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಡಸ್ಟ್ ಕ್ಯಾಪ್ ತೆಗೆದ, ಪಿನ್ ಎಳೆದ, ನಟ್ಟಿಗೆ ಪಾನಾ ಹಾಕಿದ. ಅದು ಜಗ್ಗಲಿಲ್ಲ. ತಲೆಯೆತ್ತಿ, "ಕಾಕಾ, ಏವಢಂ ಟೈಟ್ ಕೋಣಿ ಕೇಲಂ?" ಎಂದ. ಇಷ್ಟು ಟೈಟ್ ಮಾಡಿದ್ದು ಯಾರು ಅಂತ. ನಾನು ಘಾಟಿನ ಕಡೆ ನೋಡಿದೆ.

ಇಬ್ಬರು ಜೋತುಬಿದ್ದು ಸಡಿಲಿಸಿದರು. ಪುಣ್ಯಕ್ಕೆ ಬೇರಿಂಗ್ ಇನ್ನೂ ಕಾದು ನೀಲಿಗಟ್ಟಿರಲಿಲ್ಲ. ಗ್ರೀಸ್ ಮಾತ್ರ ಕರಗಿ ಎಣ್ಣೆಯಾಗಿತ್ತು. ಹುಡುಗ ತೊಳೆದು ಹೊಸದು ತುಂಬಿದ. ಚಕ್ರ ತಿರುಗಿಸುತ್ತಲೇ ನಟ್ ಬಿಗಿದ, ಪೂರ್ತಿ ಸಡಿಲಿಸಿದ, ಆಮೇಲೆ ಬರೀ ಎರಡು ಬೆರಳಲ್ಲಿ ತಿರುವಿ ಪಿನ್ ಹಾಕಿದ. ಎರಡು ಬೆರಳು! ನಮ್ಮ ಮನೆಯಲ್ಲಿ ಹಲ್ಲುಪುಡಿ ಡಬ್ಬಿಗೂ ಅದಕ್ಕಿಂತ ಜಾಸ್ತಿ ಬಲ ಹಾಕುತ್ತೇವೆ. ತಳ್ಳಿದರೆ ಚಕ್ರ ಬುಗುರಿಯ ಹಾಗೆ ಸುತ್ತಿತು.

ದುಡ್ಡು ಕೊಟ್ಟು ಹೊರಡಬೇಕು, ಅಷ್ಟರಲ್ಲಿ ಹೆಂಡತಿ ಟ್ರೇಲರಿನಿಂದ ಉಪ್ಪಿನಕಾಯಿ ಬಾಟಲಿ ತಂದು ಹುಡುಗನ ಕೈಗಿಟ್ಟಳು.

"ಇದನ್ನೂ ಇವರೇ ಮುಚ್ಯಾರ. ಪಾನಾ ಅದನಪಾ ಇದಕ್ಕ?"