ಮೆಚ್ಚುವುದಕ್ಕೂ ಕಿವಿ ಬೇಕು

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆಂದು ಗದಗಿನ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಹಿಂದೂಸ್ತಾನಿ ಸಂಗೀತದ ಉತ್ಸವ. 2011ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರೂ ಅದಕ್ಕೆ ಸೇರಿತು. ಅಲ್ಲಿ ಹಾಡುವವರ ಬಗ್ಗೆ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಹೇಳಬೇಕೆಂದಿರುವುದು ಕೇಳುವವರ ಬಗ್ಗೆ. ಒಬ್ಬರನ್ನು ಮೆಚ್ಚುವುದು ಹೇಗೆ ಎಂಬುದನ್ನು ಅವರನ್ನು ನೋಡಿಯೇ ಕಲಿಯಬೇಕು.

ವಿಲಂಬಿತ ಏಕತಾಳ, ಅಂದರೆ ಬಹಳ ನಿಧಾನದ ಲಯ, ಎಂದುಕೊಳ್ಳಿ. ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯಲು ಕೆಲವೊಮ್ಮೆ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಗಾಯಕ ರಾಗದೊಳಗೆ ಎಲ್ಲೆಲ್ಲೋ ಸುತ್ತುತ್ತಾನೆ, ತಾನಗಳಲ್ಲಿ ಏರಿಳಿಯುತ್ತಾನೆ. ಆವರ್ತನದ ಮೊದಲ ಮಾತ್ರೆಯಾದ ಸಮ್ ಹತ್ತಿರವಾಗುತ್ತಿದ್ದಂತೆ ಪಕ್ಕದ ಕುರ್ಚಿಯ ಹಿರಿಯರ ಅಂಗೈ ತೊಡೆಯಿಂದ ಮೇಲೇಳುತ್ತದೆ. ಇನ್ನೇನು ಕೈತಪ್ಪಿತು ಅನ್ನುವಷ್ಟರಲ್ಲಿ ಬಂದಿಶಿನ ಮುಖಡಾ, ಅಂದರೆ ಹಾಡಿನ ಮೊದಲ ಸಾಲಿನ ತುಣುಕು, ಹಿಡಿದು ಗಾಯಕ ಸರಿಯಾಗಿ ಸಮ್‌ಗೆ ಬಂದು ನಿಲ್ಲುತ್ತಾನೆ. ಆ ಕ್ಷಣಕ್ಕೆ ಬೀಳುತ್ತದೆ ಒಂದು ಸಣ್ಣ ‘ವಾಹ್’. ತಬಲಾದವರು ತಲೆಯೆತ್ತಿ ನಗುತ್ತಾರೆ. ಅದೇ ದಾದ್, ಕೇಳುಗರ ಮೆಚ್ಚುಗೆ. ಸ್ವಲ್ಪ ಮೊದಲೇ ಬಂದಿದ್ದರೆ ಅಡ್ಡಿಯಾಗುತ್ತಿತ್ತು, ತಡವಾಗಿದ್ದರೆ ಅದಕ್ಕೆ ಅರ್ಥವಿರುತ್ತಿರಲಿಲ್ಲ. ನೀವು ಎಲ್ಲಿಗೆ ಹೋಗಿ ಹೇಗೆ ತಿರುಗಿ ಬಂದಿರೆಂಬುದನ್ನು ನಾನು ಜೊತೆಗಿದ್ದು ನೋಡಿದೆ ಎಂದು ಆ ಒಂದು ಉದ್ಗಾರ ಗಾಯಕನಿಗೆ ತಿಳಿಸುತ್ತದೆ. ಅದನ್ನು ಕೇಳಿದವನು ಮುಂದಿನ ಆವರ್ತನದಲ್ಲಿ ಇನ್ನಷ್ಟು ಧೈರ್ಯ ಮಾಡುತ್ತಾನೆ. ಕೊನೆಯಲ್ಲಿ ಎಲ್ಲರೂ ಸೇರಿ ತಟ್ಟುವ ಚಪ್ಪಾಳೆಗೆ ಈ ಶಕ್ತಿ ಇಲ್ಲ.

ಈ ಕಿವಿ ಮಹಾರಾಷ್ಟ್ರದ ಸ್ವತ್ತೇನಲ್ಲ. ಹುಬ್ಬಳ್ಳಿ–ಧಾರವಾಡದ ಕೇಳುಗರೂ ಎಲ್ಲಿ ತಲೆದೂಗಬೇಕೆಂದು ಚೆನ್ನಾಗಿ ಬಲ್ಲವರೇ. ಆದರೆ ಸಂಗೀತ ಕಛೇರಿ ಮುಗಿಸಿ ಮನೆಗೆ ಬಂದರೆ ನಾವು ಬೇರೆಯೇ ಜನ. ಊಟ ಮಾಡಿ ‘ಪರವಾಗಿಲ್ಲ’ ಎಂದರೆ ಅದೇ ದೊಡ್ಡ ಮೆಚ್ಚುಗೆ. ಮಕ್ಕಳನ್ನು ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಭಯ. ಹೊಗಳಿಕೆಯನ್ನು ಹೊನ್ನಶೂಲವೆಂದ ಬಸವಣ್ಣನ ನಾಡು ನಮ್ಮದು. ಈ ಸಂಕೋಚದ ಬಗ್ಗೆ ನನಗೆ ನಿಜವಾದ ಗೌರವವಿದೆ. ನಮ್ಮಲ್ಲಿ ಮೆಚ್ಚುಗೆ ಮಾತಿಗಿಂತ ನಡೆಯಲ್ಲಿ ಕಾಣುತ್ತದೆ. ಬೇಡವೆಂದವರು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ಬೆನ್ನ ಹಿಂದೆ ಯಾರೋ ಆಡಿದ ಒಳ್ಳೆಯ ಮಾತು ಮೂರನೆಯವರ ಬಾಯಿಂದ ನಮ್ಮನ್ನು ಮುಟ್ಟುತ್ತದೆ. ಅದರಲ್ಲಿ ಮುಖಸ್ತುತಿಯ ಸೋಂಕಿರುವುದಿಲ್ಲ, ಹಾಗಾಗಿ ಅನುಮಾನವಿಲ್ಲದೆ ನಂಬಬಹುದು.

ಆದರೂ ದಿನವೂ ಒಲೆಯ ಮುಂದೆ ನಿಲ್ಲುವವರಿಗೆ ಆ ಮೂರನೆಯವರು ಸಿಗುವುದು ಅಪರೂಪ. ನಮ್ಮ ಪಕ್ಕದ ಮನೆಯಲ್ಲೊಬ್ಬ ಮರಾಠಿ ಅಜ್ಜಿ ಇದ್ದಾರೆ. ಹಬ್ಬಕ್ಕೆ ಹುಳಿ ಕಳಿಸಿದರೆ ಡಬ್ಬಿ ವಾಪಸು ಕೊಡುವಾಗ ‘ಚೆನ್ನಾಗಿತ್ತು’ ಎಂದು ಸುಮ್ಮನಾಗುವವರಲ್ಲ. ‘ಮೆಂತ್ಯದ ಕಹಿ ನಾಲಿಗೆಗೆ ಕೊನೆಗೆ ಬಂತು, ಮೊದಲು ಗೊತ್ತೇ ಆಗಲಿಲ್ಲ. ಎಷ್ಟು ಹೊತ್ತು ಹುರಿದಿರಿ?’ ಎಂದು ನನ್ನ ಹೆಂಡತಿಯನ್ನು ಕೇಳಿದರು. ಕಾಳು ಕೆಂಪಾಗುವ ಹದವನ್ನು ಅವಳು ಹೊಸ್ತಿಲಲ್ಲೇ ನಿಂತು ಬಹಳ ಹೊತ್ತು ವಿವರಿಸಿದಳು. ತಾನು ಜಾಗ್ರತೆ ವಹಿಸಿದ ಜಾಗವನ್ನೇ ಇನ್ನೊಬ್ಬರು ಗುರುತಿಸಿದಾಗ ಮನುಷ್ಯನ ಮುಖಕ್ಕೆ ಬರುವ ಕಳೆಯೇ ಬೇರೆ.

ಇನ್ನು ನಮ್ಮ ವೇದಿಕೆಗಳ ಸನ್ಮಾನ. ಇದರ ಬಗ್ಗೆ ನನಗೆ ಬೇಸರವಿದೆ. ಮನೆಯಲ್ಲಿ ಅಷ್ಟು ಬಿಗಿಯಾಗಿರುವ ನಮ್ಮ ನಾಲಿಗೆ ಅಲ್ಲಿ ಲಗಾಮಿಲ್ಲದೆ ಓಡುತ್ತದೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಜೊತೆಗೆ ‘ಅನನ್ಯ’, ‘ಅಮೋಘ’, ‘ಅಪಾರ’. ಹೆಸರು ಬದಲಿಸಿದರೆ ಅದೇ ಅಭಿನಂದನಾ ಪತ್ರ ಇನ್ನೊಬ್ಬರಿಗೂ ಸಲ್ಲುತ್ತದೆ. ಪೇಟ ತೊಟ್ಟು ಕುಳಿತವರು ತಾವು ಮಾಡಿದ ಕೆಲಸದ ಒಂದು ವಿವರವನ್ನೂ ಕೇಳದೆ ಮನೆಗೆ ಹೋಗುತ್ತಾರೆ. ಮೊಬೈಲಿನಲ್ಲಿ ಒತ್ತಿಬಿಡುವ ಹೆಬ್ಬೆರಳಿನ ಚಿತ್ರಕ್ಕೂ ಇದಕ್ಕೂ ಶಾಲಿನ ಖರ್ಚೊಂದೇ ವ್ಯತ್ಯಾಸ.

ನವೆಂಬರಿನಲ್ಲಿ ಹೊರನಾಡ ಸಂಘಗಳೆಲ್ಲ ರಾಜ್ಯೋತ್ಸವ ಮಾಡುತ್ತವೆ. ನನ್ನದೊಂದು ಕೋರಿಕೆ. ಭಾನುವಾರಗಳಂದು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರನ್ನು ಸನ್ಮಾನಿಸುತ್ತೀರಿ ಎಂದಾದರೆ ಶಾಲು ಹೊದಿಸಿ, ಬೇಡವೆನ್ನುವುದಿಲ್ಲ. ಪರಿಚಯ ಭಾಷಣವನ್ನು ಮಾತ್ರ ಕೈಬಿಡಿ. ಅವರಲ್ಲಿ ಕಲಿತ ಮಗುವೊಂದನ್ನು ವೇದಿಕೆಗೆ ಕರೆಯಿರಿ. ಊರಿನಲ್ಲಿರುವ ಅಜ್ಜಿಗೆ ತಾನೇ ಕನ್ನಡದಲ್ಲಿ ಬರೆದ ಪತ್ರವನ್ನು ಅದು ಗಟ್ಟಿಯಾಗಿ ಓದಲಿ, ಒತ್ತಕ್ಷರದಲ್ಲಿ ಎಡವುತ್ತಲೇ ಓದಲಿ. ಎರಡು ನಿಮಿಷ ಸಾಕು.