ಸತ್ಯಾಂಶ: ಬಹುಮಾನ ಯಾವ್ದಾದ್ರೂ ಒಂದೇನಾ?

"ಬಹುಮಾನ ಯಾವ್ದಾದ್ರೇನು, ಕೊಟ್ಟ ಮೇಲೂ ಮಗು ಕೆಲ್ಸ ಮಾಡ್ಲಿಲ್ಲ ಅಂದ್ರೆ ಅದು ಸೋಮಾರಿ" ಅನ್ನೋ ಫಾರ್ವರ್ಡ್ ಮತ್ತೆ ಮತ್ತೆ ಬರ್ತಾ ಇದೆ. ಇದು ತಪ್ಪು, ಮಗುಗೆ ಮಾಡೋ ಅನ್ಯಾಯ ಕೂಡ.

ವರ್ತನಾ ವಿಶ್ಲೇಷಣೆಲಿ (ವರ್ತನೆ ಯಾಕೆ ಹೆಚ್ಚು-ಕಡಿಮೆ ಆಗುತ್ತೆ ಅಂತ ನೋಡೋ ಶಾಸ್ತ್ರದಲ್ಲಿ) ಯಾವ್ದು ಬಹುಮಾನ ಅಂತ ಕೊಡೋರು ತೀರ್ಮಾನ ಮಾಡಲ್ಲ, ಅದು ಸಿಕ್ಕಿದ ಮೇಲೆ ಆ ವರ್ತನೆ ಹೆಚ್ಚಾಯ್ತಾ ಅನ್ನೋದೇ ಲೆಕ್ಕ. ಅದಕ್ಕೇ ಮೊದ್ಲು ಎರಡೆರಡು ವಸ್ತು ಮುಂದಿಟ್ಟು ಮಗು ಯಾವ್ದನ್ನ ಆರಿಸ್ಕೊಳ್ಳುತ್ತೆ ಅಂತ ನೋಡ್ತಾರೆ, ಸಂಶೋಧಕ ಫಿಶರ್ ಮತ್ತವರ ಜೊತೆಗಾರರು 1992ರಲ್ಲಿ ಪ್ರಕಟಿಸಿದ ವಿಧಾನ ಇದು.

ಒಂದು ಬಹುಮಾನಕ್ಕಾಗಿ ಎಷ್ಟು ಶ್ರಮ ಪಡ್ತಾರೆ ಅಂತ ಅಳೆಯೋಕೆ ಪ್ರೋಗ್ರೆಸಿವ್ ರೇಶಿಯೋ ಅನ್ನೋ ವಿಧಾನ ಇದೆ. ಮೊದ್ಲು ಒಂದು ಲೆಕ್ಕ ಮಾಡಿದ್ರೆ ಬಹುಮಾನ, ಆಮೇಲೆ ಎರಡು, ಆಮೇಲೆ ನಾಲ್ಕು, ಹೀಗೆ ಏರಿಸ್ತಾ ಹೋಗಿ ಎಲ್ಲಿ ಕೈಬಿಡ್ತಾರೋ ಅದೇ ಬ್ರೇಕ್ ಪಾಯಿಂಟ್. ಸಂಶೋಧಕ ಹೋಡೋಸ್ 1961ರಲ್ಲಿ ಇಲಿಗಳ ಮೇಲೆ ಇದನ್ನ ಬಳಸಿದ್ರು. ಇಷ್ಟದ ವಸ್ತು ಇದ್ರೆ ಈ ಪಾಯಿಂಟ್ ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತೆ, ಅಂದ್ರೆ ಅದೇ ಮಗು ಅದೇ ಕೆಲ್ಸಕ್ಕೆ ಹೆಚ್ಚು ಹೊತ್ತು ಕೂರುತ್ತೆ.

ಹಾಗಂತ ಕಡಿಮೆ ಇಷ್ಟದ್ದು ವ್ಯರ್ಥ ಅಂತಲ್ಲ. ಕೆಲ್ಸ ಸುಲಭ ಇದ್ದು ಬೇರೆ ಆಯ್ಕೆ ಇಲ್ದಿದ್ರೆ ಅದೂ ಎಷ್ಟೋ ಸಲ ಸಾಕಾಗುತ್ತೆ, ಕೆಲ್ಸ ಭಾರ ಆದಾಗ್ಲೇ ವ್ಯತ್ಯಾಸ ಚೆನ್ನಾಗಿ ಕಾಣ್ಸೋದು. ಇಷ್ಟಗಳೂ ಬದಲಾಗ್ತವೆ, ಬೇಕಾದಾಗೆಲ್ಲ ಪುಕ್ಕಟೆ ಸಿಗ್ತಾ ಇದ್ರೆ ಪ್ರಿಯವಾದದ್ದೂ ಸಾಕಾಗ್ಬಿಡುತ್ತೆ, ಹಾಗಾಗಿ ಮಗುನ ಬೈಯೋ ಮುಂಚೆ ಇವತ್ತು ಅದಕ್ಕೆ ಏನಿಷ್ಟ ಅಂತ ಇನ್ನೊಂದ್ಸಲ ನೋಡಿ, ದಯವಿಟ್ಟು.