ಮೂರನೆಯ ಟಿಕ್ ಎಂಬುದೇ ಇಲ್ಲ

‘ನಾಳೆಯಿಂದ ಹೊಸ ನಿಯಮ. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಮೂರು ನೀಲಿ ಟಿಕ್ ಬಂದರೆ ಸರ್ಕಾರ ನೋಡಿದೆ ಎಂದರ್ಥ. ರಾಜಕೀಯದ ಬಗ್ಗೆ ಬರೆದರೆ ವಾರಂಟ್ ಇಲ್ಲದೆ ಬಂಧನ.’ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಈ ಸಂದೇಶದ ‘ನಾಳೆ’ ಮಾತ್ರ ಇನ್ನೂ ಬಂದಿಲ್ಲ.

ಸತ್ಯಾಂಶ: ವಾಟ್ಸ್‌ಆ್ಯಪ್‌ನಲ್ಲಿ ಇರುವುದು ಎರಡೇ ಟಿಕ್. ನೀಲಿಯಾದರೆ ಸಂದೇಶ ಕಳಿಸಿದವರಿಗೆ ಓದಿದ್ದು ತಿಳಿಯುತ್ತದೆ, ಅಷ್ಟೇ.

ಬಂಧನದ ಭಯ ಮಾತ್ರ ಪೂರ್ತಿ ಗಾಳಿಮಾತಲ್ಲ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಆಗ ಬಳಕೆಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಪೂರ್ತಿ ರದ್ದುಪಡಿಸಿತು. ಆ ಸೆಕ್ಷನ್ ಹೇಳುತ್ತಿದ್ದಂತೆ ‘ಕಿರಿಕಿರಿ ಉಂಟುಮಾಡುವುದು’ ಅಪರಾಧವಾದರೆ ಯಾರು ತಾನೆ ಉಳಿದಾರು? ಆದರೂ ಸತ್ತ ಸೆಕ್ಷನ್‌ನಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. 2022ರಲ್ಲಿ ನ್ಯಾಯಾಲಯ ಮತ್ತೆ ತಾಕೀತು ಮಾಡಬೇಕಾಯಿತು.

ಹಾಗೆಂದು ಏನನ್ನಾದರೂ ಬರೆಯಬಹುದೇ? ಇಲ್ಲ. ಸಂವಿಧಾನದ 19(2)ನೇ ವಿಧಿ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಕಾರಣಗಳಿಗೆ ಸಮಂಜಸ ನಿರ್ಬಂಧವನ್ನು ಒಪ್ಪುತ್ತದೆ. ಧರ್ಮ, ಜಾತಿಗಳ ನಡುವೆ ದ್ವೇಷ ಬಿತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಅನ್ವಯವಾಗುತ್ತದೆ. ಸರ್ಕಾರದ ಟೀಕೆ ಆ ಪಟ್ಟಿಯಲ್ಲಿಲ್ಲ.